ದವಡೆಯ ಹರಳು

ನುಂಗಿದ ಮಾತು ಹೊಟ್ಟೆಗಿಳಿಯದೆ ದವಡೆಯ ಕೀಲಿನಲ್ಲಿ ಹರಳುಗಟ್ಟುವ ಕಾಲವದು. ಗದಗಿನ ದವಡೆ ಆಸ್ಪತ್ರೆಯಲ್ಲಿ ಸಂಕೋಚದವರದೇ ದೊಡ್ಡ ಪಾಳಿ. ಅಂದಾನಪ್ಪನ ಬಾಯಿ ಈಗ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸರಾಗವಾಗಿ ಓದಿದರು.

"‘ಅಣ್ಣಾ, ತಪ್ಪು ನಂದ.’ ಇಷ್ಟ ಐತ್ರಿ. ಅವ್ರ ಮುಂದ ಹೇಳಿಬಿಟ್ರ ಹರಳು ತಾನ ಕರಗತೈತಿ."

"ದಸರಾಕ್ಕ ಬನ್ನಿ ಕೊಟ್ಟು ಕಾಲು ಬೀಳೂವಾಗ ಹೇಳೂಣಂತ ಕಾದಿದ್ದೆ. ಅಣ್ಣ ಗಣಪತಿ ಹಬ್ಬಕ್ಕ ತೀರಿಕೊಂಡ."

"ಹಂಗಾರ ಎರಡ ದಾರಿ. ಆಪರೇಷನ್ ಮಾಡಿ ತಗದ್ರ ನಾಳೇನ ರೊಟ್ಟಿ ತಿನ್ನಬಹುದು. ಆದ್ರ ಮಾತಿನ ಜೋಡಿ ಅಣ್ಣನ ನೆನಪೂ ಹೋಗತೈತಿ. ಇಲ್ಲಾಂದ್ರ ಶಾಖ, ಗಂಜಿ."

ತೆರೆದ ಬಾಗಿಲಿನಾಚೆ, ನಿನ್ನೆ ಆಪರೇಷನ್ ಆದ ಹೆಂಗಸೊಬ್ಬಳು ಚಕ್ಕುಲಿ ಕಡಿಯುತ್ತ ಪಕ್ಕದಲ್ಲಿದ್ದ ಗಂಡನನ್ನು, "ನೀವು ಯಾವೂರಾವ್ರಿ?" ಎಂದು ವಿನಯದಿಂದ ವಿಚಾರಿಸುತ್ತಿದ್ದಳು. ಗಂಡ ಮೂರನೆಯ ಸಲ ಊರಿನ ಹೆಸರು ಹೇಳಿದ.

ಅಂದಾನಪ್ಪ ಅವರಿಬ್ಬರನ್ನು ಬಹಳ ಹೊತ್ತು ನೋಡಿದ.

"ಗಂಜಿ ಕುಡದ್ರ ನೋವು ಹೋಗತೈತೇನ್ರಿ?"

"ಇಲ್ಲ. ಸಾಯೂತನಕ ಇರತೈತಿ."

"ದಿನಾ?"

"ದಿನಾ."

ಆ ದಿನ ಮೊದಲ ಬಾರಿಗೆ ಅಂದಾನಪ್ಪನ ಮುಖದಲ್ಲಿ ಸಮಾಧಾನ ಕಂಡಿತು. "ಹಂಗಾರ ಗಂಜೀನ ಬರದುಕೊಡ್ರಿ," ಎಂದ.