ಒಳಗಿಂದ ಒಡೆಯುವ ಗೋಡೆ

ಬಿಸಿಲು ಮನುಷ್ಯರನ್ನು ನೆಲದಡಿಗೆ ಅಟ್ಟಿ ನಲವತ್ತು ವರ್ಷವಾಗಿತ್ತು. ತನ್ನ ಹೊಸ ಮನೆಗೆ ಗುಂಡಿ ತೋಡಿದ್ದ, ಗಾರೆ ಕೆಲಸದ ಗೌಂಡಿ ದುರುಗವ್ವ, ಮಗಳ ಕೈಹಿಡಿದು ಇಂಜಿನಿಯರ್ ಮುಂದೆ ನಿಂತಿದ್ದಳು.

"ಗೋಡಿ ಕಾಂಕ್ರೀಟೋ, ಕಲ್ಲೋ? ಲಗೂ ಹೇಳಬೇ."

"ಒಳಗಿಂದ ಒಡಿಯಾಕ ಬರೋದು ಯಾವುದ್ರಿ?"

"ಸ್ವಂತ ಮನಿ ಒಡಿತೀಯೇನ?" ಅವನು ನಕ್ಕ.

"ಹ್ವಾದ ಬ್ಯಾಸಗ್ಯಾಗ ಮ್ಯಾಲಿನ ಓಣಿ ದೊಡ್ಡಮಂದಿಗೆ ಗಾಳಿ ಸಾಲವಲ್ದು ಅಂತ ನಮ್ಮ ಕೆಳಗಿನ ಓಣಿ ಬಾಗ್ಲಾ ಹೊರಗಿಂದ ಜಡದ್ರಲ್ರಿ. ನನ್ನ ತಂಗಿ ಒಳಗ ಸತ್ಲು."

"ಇಟ್ಟಿಗಿ ಗೋಡಿ ಒಡಿತೈತಿ. ಆದ್ರ ಇಟ್ಟಿಗಿ ಕೊಡೂದು ಮ್ಯಾಲಿನ ಓಣಿಗಷ್ಟ."

"ಗೊತ್ತೈತ್ರಿ. ಅಲ್ಲಿ ಕಟ್ಟಿದಾಕಿ ನಾನ."

ಕಾಂಕ್ರೀಟ್ ಎಂದು ಹೆಬ್ಬೆಟ್ಟು ಒತ್ತಿದಳು. ಕಲಸುವವಳೂ ಅವಳೇ. ಮೇಲಿನ ಓಣಿಯ ಕಡೆಗಿನ ಗೋಡೆಯ ಬುಡದಲ್ಲಿ ಒಂದಿಷ್ಟು ಜಾಗಕ್ಕೆ ಸಿಮೆಂಟ್ ಹಾಕದೆ ಬರೀ ಮರಳು ತುಂಬಿ, ಮೇಲೆ ತೆಳ್ಳಗೆ ಸಿಮೆಂಟ್ ಬಳಿದು ಗಿಲಾಯಿ ಮಾಡಿದಳು. ಅಗಲ, ಮಗಳ ಭುಜ ತೂರುವಷ್ಟು.

ತನ್ನ ಭುಜ ತೂರುವಷ್ಟು ಬಿಟ್ಟಿದ್ದರೆ ಗೋಡೆ ನಿಲ್ಲುತ್ತಿರಲಿಲ್ಲ.