ಕೋಟೆ ಬಾಗಿಲ ಖಾಲಿ ಗೂಡು

ಅಮೆರಿಕದ ಸಮಾಮಿಶ್‌ನ ನನ್ನ ಮನೆಯ ಮುಂದಿನ ಕಲ್ಲುಹಾಸನ್ನು ತೊಳೆಯುವಾಗ ಏಳುವ ವಾಸನೆ ಈಗಲೂ ನನ್ನನ್ನು ಫ್ರಾನ್ಸಿನ ಒಂದು ಹಳ್ಳಿಯ ಕೋಟೆ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಅಂದು ಮಳೆ ಬಂದಿತ್ತು ಎನ್ನುತ್ತದೆ ನೆನಪು. ಅಪ್ಪ ತೆಗೆದ ಫೋಟೋದಲ್ಲಿ ಮಾತ್ರ ಬಿಸಿಲಿದೆ. ಎರಡನ್ನೂ ನಂಬಲಾರೆ.

ಇಲ್ಲೇ ಹತ್ತಿರದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅಪ್ಪ ಕೆಲಸದ ಮೇಲೆ ಫ್ರಾನ್ಸಿಗೆ ಹೊರಟಾಗ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ನನ್ನನ್ನೂ ಕರೆದೊಯ್ದಿದ್ದರು. ಒಂದು ತಿಂಗಳಿಗೆಂದು ಮೈಸೂರಿಗೆ ಹೋಗಿದ್ದ ಅಮ್ಮ ಬೇಸಿಗೆ ರಜೆ ಮುಗಿಯುತ್ತ ಬಂದರೂ ಮರಳಿರಲಿಲ್ಲ.

ಬಾಗಿಲ ಬಳಿ ಅಪ್ಪ ಗೋಡೆ ತಡವುತ್ತ ಏನೋ ಹುಡುಕಿದರು. “ಕೋಟೆ ಅಂದ್ಮೇಲೆ ಬಾಗಿಲಲ್ಲಿ ಆಂಜನೇಯ ಇರ್ಬೇಕು ಕಣೇ. ಕೈ ಮುಗೀದೆ ನಿಮ್ಮಮ್ಮ ಒಳಗೆ ಕಾಲಿಡೋಳೇ ಅಲ್ಲ.”

“ಅಪ್ಪಾ, ದಿಸ್ ಈಸ್ ಫ್ರಾನ್ಸ್.”

“ಇರ್ಲಿ ಬಿಡೇ. ಹಾರೋನಿಗೇನು ವೀಸಾ ಬೇಕಾ?”

ಪಾಚಿ ಹಿಡಿದ ಕಲ್ಲುಗಳ ನಡುವೆ ಒಂದು ಗೂಡು ಸಿಕ್ಕಿತು. ಅದರಲ್ಲಿ ವಿಗ್ರಹವಿರಲಿಲ್ಲ. ಅಪ್ಪ ಬೂಟು ಬಿಚ್ಚಿ, ಸಾಕ್ಸಿನಲ್ಲೇ ನಿಂತು, ಖಾಲಿ ಗೂಡಿಗೆ ಕೈ ಮುಗಿದರು. ನಮ್ಮ ಮನೆ ಹತ್ತಿರದ ಬಾಥೆಲ್‌ನ ದೇವಸ್ಥಾನಕ್ಕೆ ಅಮ್ಮನನ್ನು ಕರೆದುಕೊಂಡು ಹೋದಾಗಲೆಲ್ಲ ಕಾರಿನಲ್ಲೇ ಕೂತಿರುತ್ತಿದ್ದವರು ಅವರು.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು ಕನ್ನಡದಲ್ಲಿ ಕೇಳಿದೆ, “ಅಮ್ಮ ವಾಪಸ್ ಬರ್ತಾಳಾ?”

“ನೀನೂ ಮುಗಿ,” ಎಂದರು ಅಪ್ಪ, ನನ್ನ ಕಡೆ ತಿರುಗದೆ.

ಮುಗಿದೆ. ಅವರು ಮೆಟ್ಟಿಲ ಮೇಲೆ ಕುಳಿತು ಬೂಟಿನ ಲೇಸು ಕಟ್ಟಿದರು, ಬಿಚ್ಚಿ ಮತ್ತೆ ಕಟ್ಟಿದರು. ಗೂಡಿನ ಮೂಲೆಯ ಜೇಡರ ಬಲೆ ನನಗೆ ಚೆನ್ನಾಗಿ ನೆನಪಿದೆ. ಕೋಟೆಯ ಒಳಗೆ ಏನಿತ್ತೆಂದು ಮಾತ್ರ ಹೇಳಲಾರೆ. ನಾವು ಒಳಗೆ ಹೋದೆವು ಎನ್ನುವುದಕ್ಕೆ ಒಂದು ಫೋಟೋ ಕೂಡ ಇಲ್ಲ.