ಚೌಕಟ್ಟಿನ ಪರೀಕ್ಷೆ

ಅಸ್ಗರ್ ಚೌಕಟ್ಟು ದಾಟಿದ, ಗಂಟೆ ಹೊಡೆಯಲಿಲ್ಲ. ಹೊಡೆಯಬಾರದಿತ್ತು ಕೂಡ. ಪರೀಕ್ಷೆಗೆಂದು ಬಚ್ಚಿಟ್ಟ ಪಿಸ್ತೂಲು ಇದ್ದದ್ದು ಸಾಲಿನಲ್ಲಿ ಅವನ ಹಿಂದೆ ನಿಂತಿದ್ದ ಸಹೋದ್ಯೋಗಿ ನಾಣಿಯ ಸೊಂಟದಲ್ಲಿ. ವಿಮಾನ ಹತ್ತುವವರ ಮೈಮೇಲಿನ ಆಯುಧ ಹಿಡಿಯಲೆಂದು ಆ ಚೌಕಟ್ಟನ್ನು ಕಟ್ಟಿದ ಎಂಜಿನಿಯರ್ ಯಜ್ಞನಾರಾಯಣರಿಗೆ ಅದು ಗೊತ್ತು. ಡೆಲ್ಲಿಯಿಂದ ಬಂದಿದ್ದ ಸಾಹೇಬರಿಗೆ ಗೊತ್ತಿಲ್ಲ. ಪರೀಕ್ಷೆಯೆಂದರೆ ಅದೇ ತಾನೆ?

"ತಪ್ಪಿಸ್ಕೊಂಡ್ಬಿಟ್ನಲ್ರೀ!" ಎಂದರು ಸಾಹೇಬರು. ಮೂಲತಃ ಮಲ್ಲೇಶ್ವರದವರು, ಬೈಯುವುದು ಕನ್ನಡದಲ್ಲೇ.

"ಇಲ್ಲ ಸಾರ್, ಅವನ ಹತ್ರ ಏನೂ ಇಲ್ಲ. ಇದರ ಕಾಯಿಲ್ ಸುತ್ತಿದೋನೇ ಅವನು. ನಮ್ಮ ಅಸ್ಗರ್, ಶಿವಾಜಿನಗರದೋನು."

"ಹೆಸರೂ ಹೇಳಿ, ಊರೂ ಹೇಳಿ, ಏನೂ ಇಲ್ಲ ಅಂತೀರಲ್ಲ!" ಸಾಹೇಬರು ನಕ್ಕರು. ನಾಣಿಯೂ ನಕ್ಕ, ಪಿಸ್ತೂಲು ಜಾರೀತೆಂದು ಬೆಲ್ಟು ಹಿಡಿದುಕೊಂಡೇ. ತಮ್ಮ ತುಟಿಯೂ ಅಗಲವಾಗಿದ್ದು ಯಜ್ಞನಾರಾಯಣರಿಗೆ ಸ್ವಲ್ಪ ತಡವಾಗಿ ತಿಳಿಯಿತು.

"ಹೈಜಾಕ್ ಆದಾಗಿಂದ ಡೆಲ್ಲೀಲಿ ಯಾರಿಗೂ ನಿದ್ದೆ ಇಲ್ಲ. ಇವನನ್ನೇ ಹಿಡೀದೆ ಇರೋ ಯಂತ್ರಕ್ಕೆ ಏನಂತ ಸಹಿ ಹಾಕ್ಲಿ? ಇನ್ನೊಂದ್ಸಲ ಕಳ್ಸಿ."

ಪಿಸ್ತೂಲು ನಾಣಿಯ ಹತ್ತಿರ ಇದೆ ಎಂಬ ಮಾತು ಯಜ್ಞನಾರಾಯಣರ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕತೊಡಗಿದ್ದರು. ಹಲಸೂರಿನ ಆ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಕೆಲಸ ಒಂದು ಸಹಿಗಾಗಿ ಕಾದಿತ್ತು. ಮೇಲಿನವರ ತಪ್ಪನ್ನು ಎತ್ತಿ ತೋರಿಸಿ ಸಹಿ ಪಡೆದವರನ್ನು ತಮ್ಮ ಸರ್ವಿಸಿನಲ್ಲಿ ಅವರು ಕಂಡಿರಲಿಲ್ಲ. ಅವರ ಕೈ, ಅವರನ್ನೂ ಕೇಳದೆ, ಮೇಜಿನ ಮೇಲಿದ್ದ, ಯಂತ್ರದ ಸೂಕ್ಷ್ಮತೆ ಏರಿಸುವ ನಾಬನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿತು. ಈಗ ಗಂಟೆ ಹೊಡೆಯಲು ಯಂತ್ರಕ್ಕೆ ಚಪ್ಪಲಿಯ ಮೊಳೆಯೂ ಸಾಕು.

ಅಸ್ಗರ್ ಮತ್ತೆ ಚೌಕಟ್ಟಿಗೆ ಕಾಲಿಟ್ಟ. ಗಂಟೆ ಬೊಬ್ಬೆಯಿಟ್ಟಿತು.

"ಹಾಂ, ಈಗ ಸರಿಹೋಯ್ತು ನೋಡಿ!" ಸಾಹೇಬರು ನಿಂತಲ್ಲೇ ಸಹಿ ಹಾಕಿದರು. "ಉಳಿದೋರು ಬೇಡ ಬಿಡಿ. ಕಾಫಿ ಎಲ್ಲಿ?" ಪಿಸ್ತೂಲನ್ನು ತೆಗೆದು ತೋರಿಸು ಎಂದು ಅಸ್ಗರನಿಗೆ ಹೇಳಬೇಕೆಂದೂ ಅವರಿಗೆ ಅನ್ನಿಸಲಿಲ್ಲ. ಕ್ಯಾಂಟೀನಿನ ದಾರಿ ತೋರಿಸುತ್ತ ನಾಣಿ ಪಿಸ್ತೂಲಿನ ಸಮೇತ ಅವರ ಜೊತೆಗೇ ಹೊರಟ.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಅಸ್ಗರ್ ಚೌಕಟ್ಟಿನೊಳಗೇ ನಿಂತಿದ್ದ, ಎರಡೂ ಕೈ ಮೇಲೆತ್ತಿ. ಎತ್ತೆಂದು ಯಾರೂ ಹೇಳಿರಲಿಲ್ಲ. ಗಂಟೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಸಾಕು ಅಸ್ಗರ್, ಕೈ ತೆಗಿಯಪ್ಪ," ಎಂದರು ಯಜ್ಞನಾರಾಯಣರು, ಅವನ ಮುಖ ನೋಡಲಾರದೆ.

"ನೀವು ಮೊದ್ಲು ತೆಗೀರಿ ಸಾರ್," ಎಂದ ಅಸ್ಗರ್, ನಾಬಿನ ಮೇಲಿದ್ದ ಅವರ ಕೈಯನ್ನೇ ನೋಡುತ್ತ.